ನೆರೆಯ ದಿನದ ದೋಣಿ

ಅನಂತಮತಿ ಟೀಚರ್ ಬೆಳುವಾಯಿಯವರು. ಮೆಲ್ಕಾರಿನ ಹತ್ತಿರದ ಹೈಸ್ಕೂಲಿಗೆ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಎಂಟನೇ ಕ್ಲಾಸಿನ ಸಮಾಜ ಪುಸ್ತಕದಲ್ಲಿ ಸಿಂಧೂ ನದಿ ಇತ್ತು, ನೈಲ್ ನದಿಯೂ ಇತ್ತು. ಶಾಲೆಯ ಗೇಟಿನಿಂದ ಹತ್ತು ನಿಮಿಷ ನಡೆದರೆ ಸಿಗುವ ನೇತ್ರಾವತಿಯ ಬಗ್ಗೆ ಮಾತ್ರ ಒಂದು ಸಾಲೂ ಇರಲಿಲ್ಲ. ಹಾಗಾಗಿ ಶನಿವಾರದ ಕೊನೆಯ ಪೀರಿಯಡ್ಡನ್ನು ಅವರು ಹೊಳೆಗೆಂದೇ ಇಟ್ಟರು. ಉಪ್ಪು, ಒಣಮೀನು ತುಂಬಿಕೊಂಡು ಮಂಗಳೂರಿನಿಂದ ಬಂಟ್ವಾಳ ಪೇಟೆಗೆ ಬರುತ್ತಿದ್ದ ದೋಣಿಗಳ ಕಥೆಯನ್ನು ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದ್ದರು.

ಆ ಶನಿವಾರದ ಪಾಠ ಎಪ್ಪತ್ತನಾಲ್ಕರ ನೆರೆ. ಯಾವುದೋ ಯುವಕ ಮಂಡಲದ ಹಳೆಯ ಸ್ಮರಣ ಸಂಚಿಕೆಯೊಂದು ಟೀಚರಿಗೆ ಸಿಕ್ಕಿತ್ತು. ಅದರಲ್ಲಿದ್ದ ಲೇಖನವನ್ನೇ ಗಟ್ಟಿಯಾಗಿ ಓದಿದರು.

"ಹೊಳೆ ದಾಟಿಸುವ ಕಡವಿನ ಪಕ್ಕದ ಮನೆಯ ಹಂಚಿನ ಮಾಡಿನ ಮೇಲೆ ಒಬ್ಬ ತಾಯಿ, ಮೂವರು ಮಕ್ಕಳು ಕುಳಿತು ಕೂಗುತ್ತಿದ್ದರು. ಕಡವಿನ ದೋಣಿಯವ ರುಕ್ಮಯ್ಯ ಅವರನ್ನು ಕಂಡರೂ ದೋಣಿ ತಿರುಗಿಸಿಕೊಂಡು ಓಡಿಹೋದ."

"ಛೇ, ಎಂಥ ಜನ ಮಾರಾಯ!" ಅಂದ ಹಿಂದಿನ ಬೆಂಚಿನ ಅಮಲ್. ನಾಲ್ಕೈದು ಮಕ್ಕಳು ನಕ್ಕರು. ಎರಡನೇ ಬೆಂಚಿನ ಶ್ರಾವ್ಯಾ ತಲೆ ತಗ್ಗಿಸಿದ್ದು ಟೀಚರಿಗೆ ಕಾಣಲಿಲ್ಲ.

ಸೋಮವಾರ ಶ್ರಾವ್ಯಾ ಬರಲಿಲ್ಲ. ಮಂಗಳವಾರವೂ ಇಲ್ಲ. ಬುಧವಾರ ಹಾಜರಿ ಕರೆಯುವಾಗ ಅವಳ ಗೆಳತಿ ಅನಿಷಾ ಮೇಜಿನ ಹತ್ತಿರ ಬಂದು ಸಣ್ಣ ಸ್ವರದಲ್ಲಿ ಹೇಳಿದಳು, "ಟೀಚರ್, ದೋಣಿಯ ರುಕ್ಮಯ್ಯ ಅಂದರೆ ಅವಳ ಅಜ್ಜ."

ಟೀಚರಿಗೆ ಆ ದಿನ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ. ಸಂಜೆ ಅನಿಷಾಳಲ್ಲಿ ದಾರಿ ಕೇಳಿಕೊಂಡು ಹೊರಟರು.

ಹೊಳೆಯಿಂದ ಸ್ವಲ್ಪ ಮೇಲೆ, ಗುಡ್ಡೆಯ ಬದಿಯಲ್ಲಿ ಸಣ್ಣ ಮನೆ. ಜಗಲಿಯಲ್ಲಿ ಕುಳಿತು ಒಬ್ಬ ಮುದುಕರು ಬಸಳೆಯ ಎಲೆ ಬಿಡಿಸುತ್ತಿದ್ದರು. ಟೀಚರನ್ನು ಕಂಡದ್ದೇ ಶ್ರಾವ್ಯಾ ಒಳಗೆ ಹೋದಳು.

"ನಾನು ಯಾರಲ್ಲಿಯೂ ಕೇಳದೆ, ಓದಿದ್ದನ್ನೇ ಮಕ್ಕಳಿಗೆ ಹೇಳಿಬಿಟ್ಟೆ. ತಪ್ಪಾಯಿತು" ಅಂದರು ಅನಂತಮತಿ.

"ಕೂತ್ಕೊಳ್ಳಿ ಟೀಚರೇ" ಅಂದರು ರುಕ್ಮಯ್ಯ. "ಅದರಲ್ಲಿ ಸುಳ್ಳು ಎಂಥದ್ದೂ ಇಲ್ಲ. ನಾನು ಬಿಟ್ಟು ಹೋದದ್ದು ಹೌದು."

ಅವರು ಬಸಳೆಯನ್ನು ಬದಿಗೆ ಸರಿಸಿದರು. ಮತ್ತೆ ತಾವಾಗಿಯೇ ಹೇಳಿದರು. ಆ ದಿನ ಅವರ ಹೆಂಡತಿ ಶ್ರೀಮತಿಗೆ ಹೆರಿಗೆ ನೋವು. ಆಗ ಹೊಳೆಯ ಬದಿಯಲ್ಲೇ ಇದ್ದ ಮನೆಯೊಳಗೆ ಸೊಂಟದವರೆಗೆ ನೀರು. ಸೂಲಗಿತ್ತಿ ಇದ್ದದ್ದು ಆಚೆ ದಡದ ಗುಡ್ಡೆಯಲ್ಲಿ. ಹೆಂಡತಿಯನ್ನು ದೋಣಿಯಲ್ಲಿ ಮಲಗಿಸಿಕೊಂಡು ಹೊರಟಾಗಲೇ ಮಾಡಿನ ಮೇಲಿದ್ದವರು ಕಂಡದ್ದು. ಸಣ್ಣ ದೋಣಿ. ಇನ್ನು ನಾಲ್ಕು ಜನ ಹತ್ತಿದರೆ ಎಲ್ಲರೂ ಮುಳುಗುವುದೇ.

"ಮತ್ತೆ ವಾಪಸ್ ಬರಲಿಲ್ಲವಾ?"

"ಬಂದೆ. ಮೂರು ಗಂಟೆ ಕಳೆದಿತ್ತು. ನಾಲ್ಕೂ ಜನರನ್ನು ಇಳಿಸಿದೆ."

"ಹಾಗಾದರೆ ಅದನ್ನು ಹೇಳಬೇಕಿತ್ತಲ್ಲ!"

"ನಾನು ಹೋಗುವುದನ್ನು ಜನ ನೋಡಿದ್ದರು. ಬರುವಾಗ ನೋಡಲಿಕ್ಕೆ ಯಾರಿದ್ದರು? ಮತ್ತೆ ಆ ಮಕ್ಕಳು ಮೂರು ಗಂಟೆ ನೀರಿನ ನಡುವೆ ಕೂತದ್ದು ಸುಳ್ಳಾಗ್ತದಾ?" ರುಕ್ಮಯ್ಯ ಕೈ ಒರೆಸಿಕೊಂಡರು. "ದೊಡ್ಡ ಹುಡುಗಿ ಖತೀಜಮ್ಮ ಈಗ ಪಾಣೆಮಂಗಳೂರಿನಲ್ಲೇ ಇರುವುದು. ಪೇಟೆಯಲ್ಲಿ ಕಂಡರೆ ನಾನು ಆಚೆ ಬದಿಗೆ ಹೋಗ್ತೇನೆ. ಮುಖ ಕೊಟ್ಟು ಮಾತಾಡ್ಲಿಕ್ಕೆ ಆಗುವುದಿಲ್ಲ."

"ನಾನು ಅವರಲ್ಲಿ ಮಾತಾಡಲಾ?"

"ಬೇಡ ಟೀಚರೇ."

ಬಾಗಿಲ ಸಂದಿಯಿಂದ ಶ್ರಾವ್ಯಾ ಹೊರಗೆ ಬಂದಳು. ಕಣ್ಣು ಕೆಂಪಾಗಿತ್ತು. "ಮಾತಾಡಿ ಟೀಚರ್. ನಾನೂ ಬರ್ತೇನೆ. ಅಜ್ಜ, ನೀವು ನನ್ನ ಕ್ಲಾಸಿಗೆ ಬಂದು ಇದನ್ನೆಲ್ಲ ಹೇಳಿದರೆ ಮಾತ್ರ ನಾನು ಇನ್ನು ಶಾಲೆಗೆ ಹೋಗುವುದು."

ಮಾರನೇ ದಿನ ಟೀಚರೂ ಶ್ರಾವ್ಯಾಳೂ ಖತೀಜಮ್ಮನ ಮನೆಗೆ ಹೋದರು. ಅರುವತ್ತು ದಾಟಿದ ಹೆಂಗಸು. ಸಂಚಿಕೆಯ ಸಾಲುಗಳನ್ನು ಟೀಚರ್ ಓದುತ್ತಿದ್ದ ಹಾಗೆ ಅವರ ಮುಖ ಬಿಗಿಯಾಯಿತು. "ಯಾರು ಇದನ್ನು ಬರೆದದ್ದು? ಮಾಡಿನ ಮೇಲೆ ಕೂತವರು ನಾವು. ನಮ್ಮಲ್ಲಿ ಒಂದು ಮಾತು ಕೇಳಿದ್ದಾರಾ?" ಅಂದರು. ಶ್ರಾವ್ಯಾಳ ಗಲ್ಲ ಹಿಡಿದು, "ಶನಿವಾರ ನಾನು ಬರ್ತೇನೆ ಮಗಳೇ, ನಿನ್ನ ಅಜ್ಜನನ್ನು ಹೇಗಾದರೂ ಮಾಡಿ ಕರ್ಕೊಂಡು ಬಾ" ಅಂದರು.

ಶನಿವಾರ ಕ್ಲಾಸಿನಲ್ಲಿ ಎರಡು ಕುರ್ಚಿ ಹಾಕಿದ್ದರು. ರುಕ್ಮಯ್ಯ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಮೊಮ್ಮಗಳ ಕೈ ಹಿಡಿದು ಬಂದು, ನೆಲ ನೋಡುತ್ತಾ ಕುಳಿತರು.

"ಕಳೆದ ವಾರ ನಾನು ನಿಮಗೆ ತಪ್ಪು ಪಾಠ ಮಾಡಿದೆ" ಅಂದರು ಟೀಚರ್. "ದೂರ ನಿಂತವರು ಬರೆದದ್ದನ್ನು ಓದಿದೆ, ಅಲ್ಲಿ ಇದ್ದವರಲ್ಲಿ ಕೇಳಲಿಲ್ಲ. ಇವತ್ತು ಕೇಳುವ."

ಇನ್ನೊಂದು ಕುರ್ಚಿಯಲ್ಲಿದ್ದ ಖತೀಜಮ್ಮ ಎದ್ದು ನಿಂತೇ ಹೇಳಿದರು.

"ನನಗೆ ಆಗ ಹತ್ತು ವರ್ಷ. ಇವರು ದೋಣಿಯನ್ನು ನಮ್ಮ ಮಾಡಿನ ಹತ್ತಿರ ತಂದು ಹಗ್ಗ ಬಿಸಾಡಿದರು. ನಮ್ಮ ಉಮ್ಮ ಹಗ್ಗ ಹಿಡಿದುಕೊಂಡರು. ಆಗ ದೋಣಿಯೊಳಗೆ ಶ್ರೀಮತಿಯಕ್ಕ ಹಲ್ಲು ಕಚ್ಚಿಕೊಂಡು ಮಲಗಿದ್ದು ಕಂಡಿತು. ಉಮ್ಮ ಹಗ್ಗವನ್ನು ವಾಪಸ್ ಎಸೆದರು. 'ಮೊದಲು ಅವಳನ್ನು ಮುಟ್ಟಿಸು. ಮಾಡು ಗಟ್ಟಿ ಉಂಟು, ನಾವು ಕೂತಿರ್ತೇವೆ' ಅಂದರು. ಕೂಗಿದ್ದು ಹೌದು. ಆದರೆ ಕೂಗಿದ್ದು ನಾವು ಮಕ್ಕಳು. ಉಮ್ಮ ಕೂಗಲಿಲ್ಲ. ಇವರು ಬಂದೇ ಬರ್ತಾರೆ ಅಂತ ಅವರಿಗೆ ಗೊತ್ತಿತ್ತು."

ಟೀಚರ್ ರುಕ್ಮಯ್ಯನವರ ಕಡೆ ತಿರುಗಿದರು. "ಹಗ್ಗ ಎಸೆದದ್ದನ್ನು ನೀವು ನನಗೆ ಹೇಳಲೇ ಇಲ್ಲ."

ರುಕ್ಮಯ್ಯ ತಲೆ ಎತ್ತಿದರು. "ಹೋಗು ಅಂದದ್ದು ಆ ತಾಯಿಯ ದೊಡ್ಡತನ ಟೀಚರೇ. ಹೋದದ್ದು ನಾನು. ಅವರ ಹೆಸರು ಹೇಳಿ ನಾನು ತಪ್ಪಿಸಿಕೊಳ್ಳುವುದಾ?"

"ತಪ್ಪಿಸಿಕೊಳ್ಳುವುದು ಅಂದರೆ ಎಂಥದ್ದು?" ಖತೀಜಮ್ಮ ಅವರ ಎದುರು ಬಂದು ನಿಂತರು. "ನನ್ನ ಸಣ್ಣ ತಮ್ಮನನ್ನು ಹೆಗಲ ಮೇಲೆ ಕೂರಿಸಿಕೊಂಡು ದಡ ಹತ್ತಿಸಿದ್ದು ಯಾರು? ಐವತ್ತು ವರ್ಷದಿಂದ ಪೇಟೆಯಲ್ಲಿ ನಾನು ಕರೆಯುವುದು, ನೀವು ಆಚೆ ಹೋಗುವುದು. ಉಮ್ಮ ಸಾಯುವ ಮೊದಲು ಸಹ ಕೇಳಿದ್ದಾರೆ, ರುಕ್ಮಯ್ಯ ಸಿಕ್ಕಿದನಾ, ಮಗು ಹೇಗುಂಟು ಅಂತ."

ರುಕ್ಮಯ್ಯ ಹೆಗಲಿನ ಬೈರಾಸು ತೆಗೆದು ಮುಖಕ್ಕೆ ಒತ್ತಿಕೊಂಡರು. ಖತೀಜಮ್ಮ ತನ್ನ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

ಹಿಂದಿನ ಬೆಂಚಿನಿಂದ ಅಮಲ್ ಎದ್ದು ನಿಂತ. "ಅಜ್ಜ, ಆ ಮಗು ಮತ್ತೆ ಬದುಕಿತಾ?"

ಉತ್ತರ ಕೊಟ್ಟದ್ದು ಶ್ರಾವ್ಯಾ. "ನನ್ನ ಅಪ್ಪ" ಅಂದಳು.

ಅಮಲ್ ಅವಳನ್ನೇ ನೋಡಿದ. "ಸಾರಿ ಆಯ್ತಾ" ಅಂದು ಕುಳಿತುಕೊಂಡ.

ಆಮೇಲೆ ಪ್ರಶ್ನೆಗಳು ಒಂದರ ಮೇಲೊಂದು ಬಂದವು. ದೋಣಿ ಎಷ್ಟು ಉದ್ದ ಇತ್ತು? ಮಾಡಿನ ಮೇಲೆ ಹಾವು ಬಂದಿತಾ? ಹಸಿವಾದಾಗ ಎಂಥ ತಿಂದಿರಿ? ಲಾಂಗ್ ಬೆಲ್ ಹೊಡೆದರೂ ಯಾರೂ ಚೀಲ ತೆಗೆಯಲಿಲ್ಲ. ಆಗ ರುಕ್ಮಯ್ಯನವರೇ ಕುರ್ಚಿಯ ಕೈ ಹಿಡಿದು ಎದ್ದರು.

"ಇಲ್ಲಿ ಕೂತು ಹೇಳಿದರೆ ನಿಮಗೆ ಗೊತ್ತಾಗುವುದಿಲ್ಲ ಮಕ್ಕಳೇ. ಬನ್ನಿ, ಹೋಗುವ. ಜಾಗ ತೋರಿಸ್ತೇನೆ."

ಮಧ್ಯಾಹ್ನದ ಬಿಸಿಲಿನಲ್ಲಿ ಇಡೀ ಕ್ಲಾಸು ಹೊಳೆಯ ಕಡೆ ನಡೆಯಿತು. ಹಳೆಯ ಕಡವಿನ ಮೆಟ್ಟಿಲು ಎರಡೋ ಮೂರೋ ಉಳಿದಿದ್ದವು. ನೀರು ಕೆಳಗೆ ಶಾಂತವಾಗಿ ಹರಿಯುತ್ತಿತ್ತು.

"ನೆರೆ ಎಲ್ಲಿಯವರೆಗೆ ಬಂದಿತ್ತು ಅಜ್ಜ?" ಅನಿಷಾ ಕೇಳಿದಳು.

ರುಕ್ಮಯ್ಯ ಸುತ್ತ ನೋಡಿ, ದಡದ ದೊಡ್ಡ ಹೊನ್ನೆಮರದ ಕಡೆ ಕೈ ಎತ್ತಿದರು. "ಆ ಕವಲು ಕಾಣ್ತದಲ್ಲ, ಅಲ್ಲಿಗೆ."

ಮೂವತ್ತು ಮಕ್ಕಳು ಒಟ್ಟಿಗೆ ಕುತ್ತಿಗೆ ಎತ್ತಿ ನೋಡಿದರು.

"ಅಷ್ಟೆಲ್ಲ ಇಲ್ಲ, ಅದಕ್ಕಿಂತ ಕೆಳಗೆ" ಅಂದರು ಖತೀಜಮ್ಮ.

"ದೋಣಿಯಲ್ಲಿ ಇದ್ದದ್ದು ನಾನು."

"ಮಾಡಿನ ಮೇಲೆ ಕೂತು ಮೂರು ಗಂಟೆ ಅದನ್ನೇ ನೋಡಿದ್ದು ನಾನು ಮಾರಾಯ್ರೆ!"

ರುಕ್ಮಯ್ಯ ನಕ್ಕುಬಿಟ್ಟರು. ಇಬ್ಬರೂ ಹೇಳಿದ್ದನ್ನೆಲ್ಲ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದ ಶ್ರಾವ್ಯಾ, ಯಾವುದನ್ನು ಬರೆಯುವುದು ಅಂತ ಟೀಚರ ಮುಖ ನೋಡಿದಳು.

"ಎರಡನ್ನೂ ಬರಿ" ಅಂದರು ಅನಂತಮತಿ. "ಯಾರು ಹೇಳಿದ್ದು ಅಂತಲೂ ಬರಿ."