ಮಕ್ಕಳ ಕಾಲಂ

ಪರದೆಯ ಹಿಂದೆ ಬಳೆ ಸದ್ದಾಯಿತು, ಮಕ್ಕಳು ಏಳು ಎಂದಳು ಸಾರಮ್ಮ, ಗ್ರೆಗರಿ ಪೆನ್ನು ಎತ್ತಿ ಜಗಲಿಯ ಮಕ್ಕಳನ್ನು ಎಣಿಸಿದ, ನಾಲ್ಕೇ, ಕುದ್ರೋಳಿಯ ಇಪ್ಪತ್ತಮೂರನೇ ಮನೆ ಇದು, ಮಡಿಲಲ್ಲಿ ಕಾಲೇಜಿನ ಅರವತ್ತನಾಲ್ಕನೇ ಇಸವಿಯ ಸಮೀಕ್ಷೆಯ ಫಾರ್ಮು, ಉಳಿದವರು ಶಾಲೆಗೆ ಹೋಗಿದ್ದಾರಾ, ಇಲ್ಲ ಮಾಸ್ಟ್ರೇ, ಮೂರು ಮಣ್ಣಿನಲ್ಲಿ ಉಂಟು, ಹೆತ್ತದ್ದು ನಾನಲ್ವಾ — ನಾಲ್ಕು ಎಂದು ಬರೆದ, ಬದುಕಿರುವವರು ಮಾತ್ರ, ಸಮಾಜಶಾಸ್ತ್ರ ವಿಜ್ಞಾನವಾಗಬೇಕಾದರೆ ಕಣ್ಣಿಗೆ ಕಂಡದ್ದು, ಎಣಿಕೆಗೆ ಸಿಕ್ಕಿದ್ದು, ಅಷ್ಟೇ, ಉಳಿದದ್ದೆಲ್ಲ ಅಜ್ಜಿಕಥೆ, ಹಾಗೆಂದು ಸ್ಟಾಫ್ ರೂಮಿನಲ್ಲಿ ಮೇಜು ಕುಟ್ಟಿ ವಾದಿಸಿದ್ದು ತಾನೇ ಅಲ್ಲವೇ, ಜೊತೆಗೆ ಪಾಠ ಮಾಡುವ ನಿತ್ಯಾನಂದ ಚಾ ಹೀರುತ್ತಾ ನಕ್ಕಿದ್ದ, ನಿನ್ನ ಈ ಪ್ರತ್ಯಕ್ಷವಾದವೆಲ್ಲ ಪುಸ್ತಕದ ಬದನೆಕಾಯಿ ಮಾರಾಯ, ಕಂಡದ್ದು ಮಾತ್ರ ಸತ್ಯ ಅಂತೀಯಲ್ಲ, ಆ ಸತ್ಯವನ್ನು ಎಲ್ಲಿ ಕಂಡೆ, ಮನುಷ್ಯ ತನ್ನ ಬದುಕಿಗೆ ಎಂತ ಅರ್ಥ ಕೊಡ್ತಾನೆ, ಅದನ್ನು ಕೇಳು — ಆ ಸಿಟ್ಟಿನಲ್ಲೇ ಬಿಜೈಯ ತನ್ನ ಮನೆಗೆ ಬಂದದ್ದು, ಪ್ರಶ್ನಾವಳಿಯನ್ನು ಅಚ್ಚಿಗೆ ಮೊದಲು ಮನೆಯಲ್ಲೇ ಪರೀಕ್ಷಿಸಬೇಕೆಂದು ತೆಂಗಿನಹಾಲು ಹಿಂಡುತ್ತಿದ್ದ ಬೆನಿಟಾಳನ್ನು, ಕಟ್ಟಿಕೊಂಡ ಹೆಂಡತಿಯನ್ನು, ಯಾರೋ ಎಂಬಂತೆ ಎದುರು ಕೂರಿಸಿದ್ದು, ಹೆಸರು, ವಯಸ್ಸು, ಮಕ್ಕಳು ಎಷ್ಟು, ಒಂದು ಎಂದಳು ಬೆನಿಟಾ, ಒಂದು, ಕಿನ್ನಿ, ಹನ್ನೊಂದು ದಿನ ಬದುಕಿ ಜ್ಞಾನಸ್ನಾನದ ಬಿಳಿ ಅಂಗಿಯಲ್ಲೇ ಮಣ್ಣಿಗೆ ಹೋದ ಕಿನ್ನಿ, ಅವನಿಗೂ ಎದೆ ಒಡೆದಿತ್ತು, ಸುಳ್ಳಲ್ಲ, ಆದರೂ ಕೈ ನಿಯಮದಂತೆ ಸೊನ್ನೆ ಸುತ್ತಿತು, ಅವಳು ನೋಡಿದಳು, ಬೈಯಲಿಲ್ಲ, ಅಳಲಿಲ್ಲ, ಮಗು ಹೋದ ಮೇಲೂ ಎದೆಯಲ್ಲಿ ಹಾಲಿತ್ತಲ್ಲ, ಅದನ್ನು ಯಾವ ಕಾಲಮ್ಮಿನಲ್ಲಿ ಬರೀತೀರಿ, ಎಂದು ತೆಂಗಿನಹಾಲಿನ ಹೆಬ್ಬೆರಳನ್ನು ಆ ಹಸಿ ಸೊನ್ನೆಯ ಮೇಲೆ ಒತ್ತಿದಳು, ಶಾಯಿ ಹರಡಿತು, ಸೊನ್ನೆ ಹೋಗಲಿಲ್ಲ, ಮರುದಿನ ಬೆಳಿಗ್ಗೆ ಬಿಕರ್ನಕಟ್ಟೆಯ ತಾಯಿಮನೆಗೆ ಅವಳೇ ಹೋದಳು, ಮೂರು ತಿಂಗಳಾಯಿತು, ಅವನು ಬರೆದ ಕಾಗದಗಳೆಲ್ಲ ಒಡೆಯದೆ ಹಿಂದೆ ಬಂದವು, ಎಂಥ ಪಾಪಿ ತಾನು, ಊರಿನವರ ಮಕ್ಕಳನ್ನು ಎಣಿಸಲು ಹೊರಟವನು — ಬರೆದಾಯ್ತಾ ಮಾಸ್ಟ್ರೇ, ಸಾರಮ್ಮ ಕೇಳುತ್ತಿದ್ದಾಳೆ, ನಾಲ್ಕನ್ನು ಹೊಡೆದು ಏಳು ಬರೆಯುತ್ತಾನೆ, ಈ ಏಳನ್ನು ತೋರಿಸಿದರೆ ಬೆನಿಟಾ ಬಂದಾಳೇ, ಇಲ್ಲ, ಅವಳು ಕೇಳಿದ್ದು ಒಂದನ್ನು, ಪರದೆ ಸರಿಯಿತು, ಜಗಲಿಯಿಂದ ಒಳಹೋಗಿದ್ದ ಹುಡುಗಿಯ ಕೈಯಲ್ಲಿ ಬೆಲ್ಲ, ನೀರು, ಕುಡೀರಿ, ಬೆವರಿದ್ದೀರಿ, ಒಳಗಿನಿಂದ ಸಾರಮ್ಮನ ದನಿ, ನಿಮಗೆ ಮಕ್ಕಳು ಎಷ್ಟು ಮಾಸ್ಟ್ರೇ — ಒಂದು ಎನ್ನಬೇಕು, ಒಂದೇ ಒಂದು ಶಬ್ದ, ಕಣ್ಣೆದುರು ಹಸಿ ಸೊನ್ನೆ, ಅದರ ಮೇಲೆ ಬೆನಿಟಾಳ ಹೆಬ್ಬೆರಳು, ಸೊನ್ನೆ, ಹೆಬ್ಬೆರಳು, ಸೊನ್ನೆ —