ತಿಂಗಳ ತಾರೀಖಿನ ಚೀಟಿ

ಬ್ಯಾಡಗಿಯ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಹರೆಯದ ಪಾಠ ಹೇಳಲು ನಿವೃತ್ತ ವಿಜ್ಞಾನ ಶಿಕ್ಷಕಿಯಾದ ನನ್ನನ್ನು ಕರೆದಿದ್ದರು. ಹಿಂದಿನ ಸಂಜೆ ನೆರೆಮನೆಯ ಗದಿಗೆವ್ವ ಬಂದಳು. ಮೆಣಸಿನಕಾಯಿ ತೊಟ್ಟು ಮುರಿದ ಅವಳ ಕೈ ಇನ್ನೂ ಉರಿಯುತ್ತಿತ್ತು.

"ಅಕ್ಕೋರ, ನಾಳೆ ಐಶ್ವರ್ಯ ಸಾಲಿಗೆ ಒಲ್ಲೆ ಅಂತಾಳ್ರಿ."

ಅವಳ ಮೊಮ್ಮಗಳು ಐಶ್ವರ್ಯ ಹುಟ್ಟಿನಿಂದಲೇ ಬೇರೆ ರೀತಿ ರೂಪುಗೊಂಡ ದೇಹದವಳು. ಗರ್ಭಕೋಶವಿಲ್ಲ, ಮುಟ್ಟು ಬರುವುದಿಲ್ಲ. ಕಾಯಿಲೆಯೇನಲ್ಲ ಎಂದು ಹುಬ್ಬಳ್ಳಿಯ ವೈದ್ಯರು ಹೇಳಿದ್ದರು. ಆದರೂ ಓಣಿಯವರ ಪ್ರಶ್ನೆ ತಾಳದೆ ಗದಿಗೆವ್ವ ಕೊಬ್ಬರಿ-ಬೆಲ್ಲ ಹಂಚಿ, ಹುಡುಗಿ ದೊಡ್ಡವಳಾದಳೆಂದು ಆರತಿ ಮಾಡಿಸಿಬಿಟ್ಟಿದ್ದಳು. ಆ ಸುಳ್ಳನ್ನು ಈಗ ಹುಡುಗಿ ತಿಂಗಳು ತಿಂಗಳೂ ನಡೆಸಬೇಕು. ಶಾಲೆಯಲ್ಲಿ ತಿಂಗಳಿಗೊಮ್ಮೆ ಪ್ರತಿಯೊಬ್ಬಳೂ ಮುಟ್ಟಿನ ತಾರೀಖನ್ನು ಚೀಟಿಯಲ್ಲಿ ಬರೆದುಕೊಡಬೇಕಿತ್ತು; ನಾಳೆಯೇ ಆ ದಿನ.

ಮರುದಿನ ಗೆಳತಿ ಸಾಜಿಯಾ ಮನೆಗೇ ಹೋಗಿ ಐಶ್ವರ್ಯಳ ಕೈಹಿಡಿದು ಕರೆತಂದಿದ್ದಳು. ಯಾರೂ ಇಣುಕಬಾರದೆಂದು ತರಗತಿಯ ಕಿಟಕಿ, ಬಾಗಿಲು ಮುಚ್ಚಿದರು. ಮೆಣಸಿನಕಾಯಿ ಮಾರುಕಟ್ಟೆಯ ಘಾಟು ಒಳಗೇ ಉಳಿದು ಎಲ್ಲರೂ ಸೀನುತ್ತಿದ್ದರು.

ಎಲ್ಲ ದೇಹಗಳೂ ಎರಡೇ ಅಚ್ಚಿನಲ್ಲಿ ಬರುವುದಿಲ್ಲ, ಕೆಲವರಿಗೆ ಮುಟ್ಟೇ ಇಲ್ಲ ಎಂದೆ. ಮೂವತ್ತು ವರ್ಷ ಇದನ್ನು ನಾನು ಹೇಳಿಯೇ ಇರಲಿಲ್ಲ.

"ಅಂಥಾಕಿ ಹೆಣ್ಣೇನ್ರಿ, ಗಂಡೇನ್ರಿ?" ಎಂದಳು ಹಿಂದಿನ ಬೆಂಚಿನ ಹೀನಾ.

"ಆಕೀನ್ನ ಕೇಳಬೇಕವಾ. ಆಕಿ ಹೇಳಿದ್ದ ಖರೇ," ಎಂದೆ.

"ನಮ್ಮ ಕ್ಲಾಸಿನ್ಯಾಗ ಯಾರದಾರ್ರಿ?"

ತಲೆಗಳು ಅತ್ತಿತ್ತ ಹೊರಳಿದವು. ಐಶ್ವರ್ಯಳ ಕಡೆ ನೋಡಲು ನನಗೆ ಭಯವಾಯಿತು.

"ನಾನ ಅದೀನಿ ತಗೊ, ಸಾಕಲ್ಲ? ಸುಮ್ನ ಕುಂದ್ರು," ಎಂದಳು ಸಾಜಿಯಾ. ಎಲ್ಲರೂ ನಕ್ಕರು. ಐಶ್ವರ್ಯ ನಗಲಿಲ್ಲ.

ಪಾಠ ಮುಗಿಯುತ್ತಲೇ ಹೆಡ್‌ಮೇಡಂ ತಸ್ಲೀಮ್ ಚೀಟಿ ಹಂಚಿದರು.

"ಖಾಲಿ ಚೀಟಿ ಕೊಟ್ರ ಏನ್ ಮಾಡ್ತೀರಿ?" ಎಂದು ಕೇಳಿದೆ.

"ನರ್ಸ್ ಕಡೆ ಕಳಸ್ತೇವ್ರಿ. ಅವರ ಒಳ್ಳೇದಕ್ಕ."

"ಹೆಸರು ಹಿಡದು ಕರದ್ರ ಇಡೀ ಸಾಲಿಗೆ ಗೊತ್ತಾಗ್ತದ. ಈ ಚೀಟಿನ ಬ್ಯಾಡ್ರಿ."

ಅವರು ನನ್ನ ಕೈ ಹಿಡಿದುಕೊಂಡರು. "ಮುಂದಿನ ತಿಂಗಳಿಂದ ಬಂದ್ ಮಾಡೂಣ್ರಿ. ಈ ಸಲ ಮುಗಿಸಿಬಿಡೂಣು."

ಸಾಜಿಯಾ ತನ್ನ ತಾರೀಖು ಬರೆದು, ಚೀಟಿಯನ್ನು ಮೆಲ್ಲಗೆ ಗೆಳತಿಯತ್ತ ಸರಿಸಿದಳು. ಐಶ್ವರ್ಯ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದಳು. ನನ್ನ ಪಾಠವನ್ನೆಲ್ಲ ಕೇಳಿದ ಮೇಲೂ ತನ್ನ ಚೀಟಿಯಲ್ಲಿ ಅದೇ ತಾರೀಖು ಬರೆದಳು. ಬೇರೇನು ಮಾಡಿಯಾಳು?

ಹೋಗುವಾಗ ನನ್ನ ಬಳಿ ನಿಂತು ಸಣ್ಣ ದನಿಯಲ್ಲಿ ಕೇಳಿದಳು: "ಮುಂದಿನ ತಿಂಗಳ ಖರೇನ ಚೀಟಿ ಕೇಳೂದಿಲ್ಲೇನ್ರಿ, ಅಕ್ಕೋರ?"

ಕೇಳುವುದಿಲ್ಲ ಎನ್ನಲು ಬಾಯಿ ತೆರೆದವಳು ತಸ್ಲೀಮ್ ಕಡೆ ನೋಡಿದೆ. ಅವರು ತಲೆ ತಗ್ಗಿಸಿ ಚೀಟಿಗಳನ್ನು ಜೋಡಿಸುತ್ತಿದ್ದರು.