ಹಿಟ್ಟಿಗೆ ತಕ್ಕಡಿ, ಮೈಗೆ ಕಣ್ಣಂದಾಜು

ಬೆಳಗಾಗುತ್ತಲೇ ಬೀದಿಗೆಲ್ಲ ಹರಡುತ್ತಿದ್ದ ಬ್ರೆಡ್ಡಿನ ವಾಸನೆ ಈಚೆಗೆ ತಡವಾಗಿ ಬರತೊಡಗಿತ್ತು. ಶಾಲೆಗೆ ಹೊರಟ ಮಕ್ಕಳು ಬೇಕರಿಯ ಮೆಟ್ಟಿಲ ಮೇಲೆ ಕಾದು ಕೂರುತ್ತಿದ್ದರು. ಒಳಗೆ ಬನ್ ಮಾವ ಹಿಟ್ಟು ನಾದುವುದನ್ನು ನಡುವೆ ನಿಲ್ಲಿಸಿ, ಮೇಜಿಗೆ ಎರಡೂ ಕೈ ಊರಿ ಉಸಿರೆಳೆದುಕೊಳ್ಳುತ್ತಿದ್ದರು. ಅವರ ಹೆಂಡತಿ ಒಂದು ಸ್ಟೂಲನ್ನು ಅವರ ಹಿಂದೆ ಸರಿಸಿಡುತ್ತಿದ್ದರು. ಬನ್ ಮಾವ ಅದರ ಮೇಲೆ ಕೂರುತ್ತಿದ್ದರು.

ಬನ್ ಮಾವ ಎಂದು ಹೆಸರಿಟ್ಟವರು ಆ ಮಕ್ಕಳೇ. ಹಲ್ಲಿಲ್ಲದ ಮುದುಕರಿಗೆ ಬ್ರೆಡ್ಡಿನ ಅಂಚು ಕತ್ತರಿಸಿ, ಮೆತ್ತನೆಯ ಭಾಗವನ್ನೇ ಕಟ್ಟಿಕೊಡುವ ಮನುಷ್ಯ. ಅವರ ಕಿಡ್ನಿ ಸೋತಿದೆ ಎಂದು ಕಳೆದ ವರ್ಷ ಗೊತ್ತಾಗಿತ್ತು. ಆಸ್ಪತ್ರೆಯವರು ಕೊಟ್ಟ ಔಷಧಿಗಳಲ್ಲಿ ಒಂದು ಸೋಡಾ ಮಾತ್ರೆ ಎಂದು ಕೇಳಿ ಅವರಿಗೆ ನಗು ಬಂದಿತ್ತು.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸ್ ಬ್ರೆಡ್ ಕೊಳ್ಳಲು ಬಂದರು. ಸ್ಟೂಲಿನ ಮೇಲಿದ್ದ ಬನ್ ಮಾವನನ್ನು ಒಂದು ಗಳಿಗೆ ನೋಡಿದರು.

"ಏನಣ್ಣ, ಎಲ್ಲಿಂದಲೋ ಓಡಿ ಬಂದ ಹಾಗಿದೆ?"

"ಎಲ್ಲಿಗೆ ಓಡಲಿ ತಾಯಿ, ಕೂತಲ್ಲೇ ಕೂತಿದೀನಿ."

"ಮತ್ತೆ ಉಸಿರು ಯಾಕೆ ಓಡ್ತಿದೆ?"

"ಒಲೆ ಶಾಖ. ವಯಸ್ಸು ಬೇರೆ."

"ಒಲೆ ಇನ್ನೂ ಹಚ್ಚೇ ಇಲ್ಲ," ಎಂದರು ಹೆಂಡತಿ. "ಊಟ ಸೇರಲ್ಲ. ಕಾಲು ಊದಿ ಚಪ್ಪಲಿ ಹಿಡಿಸಲ್ಲ. ಕೇಳಿದ್ರೆ ವಯಸ್ಸು ಅಂತಾರೆ. ನನಗೂ ವಯಸ್ಸಾಗಿದೆ, ನನ್ನ ಚಪ್ಪಲಿ ನನಗೆ ಸರಿಯಾಗೇ ಇದೆ."

"ಸೋಡಾ ಮಾತ್ರೆ ತಗೋತಿದೀರಾ ಅಣ್ಣ?"

"ಕುಂಬಾರನಿಗೆ ಮಣ್ಣು ಮಾರಿದ ಹಾಗಾಯ್ತು ನಿಮ್ಮ ಡಾಕ್ಟ್ರ ಕಥೆ. ಬಿಸ್ಕತ್ತಿಗೆ ಹಾಕೋ ಸೋಡಾ ನನ್ನ ಹತ್ರ ಡಬ್ಬಗಟ್ಟಲೆ ಇದೆ. ಮಾತ್ರೆ ಬಿಟ್ಟೆ. ನೆನಪಾದಾಗ ಒಂದು ಚಮಚ ನೀರಿಗೆ ಹಾಕಿ ಕುಡೀತೀನಿ. ಮರೆತರೂ ಏನಾಗಲ್ಲ, ನನಗೆ ಹುಳಿ ತೇಗಿಲ್ಲ, ಎದೆ ಉರಿ ಇಲ್ಲ."

ನರ್ಸ್ ಚೀಲ ಕೆಳಗಿಟ್ಟು ಮರದ ಪೆಟ್ಟಿಗೆಯ ಮೇಲೆ ಕೂತರು.

"ಹೊಟ್ಟೆಯ ಹುಳಿ ಬೇರೆ, ರಕ್ತದ ಹುಳಿ ಬೇರೆ. ನಾವು ಉಂಡಿದ್ದು ಮೈಗೆ ಸೇರೋವಾಗ ದಿನಾ ಆಮ್ಲ ಹುಟ್ಟುತ್ತೆ. ಒಂದಷ್ಟು ಉಸಿರಲ್ಲಿ ಹೋಗುತ್ತೆ, ಒಂದಷ್ಟನ್ನ ಕಿಡ್ನಿ ಮೂತ್ರದಲ್ಲಿ ಕಳಿಸುತ್ತೆ. ಹೀಗೆ ರಕ್ತ ಒಂದು ಹದದಲ್ಲಿರುತ್ತೆ. ನಿಮ್ಮ ಕಿಡ್ನಿ ಸೋತಿದೆ ಅಲ್ವಾ, ಆಮ್ಲ ಒಳಗೇ ಉಳೀತಿರಬಹುದು. ಅದನ್ನ ಸರಿದೂಗಿಸೋಕೆ ಉಸಿರೇ ಎರಡಾಳಿನ ಕೆಲಸ ಮಾಡುತ್ತೆ."

"ಹೀಗೇ ಬಿಟ್ರೆ?" ಎಂದು ಹೆಂಡತಿ ಮೆಲ್ಲಗೆ ಕೇಳಿದರು.

"ತೋಳಿನ ಶಕ್ತಿ ಹೋಗುತ್ತೆ, ಮೂಳೆ ಸವೆಯುತ್ತೆ, ಕಿಡ್ನಿ ಇನ್ನೂ ಬೇಗ ಕೆಡುತ್ತೆ. ತೀರಾ ಏರಿದ್ರೆ ಜೀವಕ್ಕೇ ಕುತ್ತು."

ಬನ್ ಮಾವ ಹಿಟ್ಟು ಮೆತ್ತಿದ ತಮ್ಮ ತೋಳುಗಳನ್ನು ನೋಡಿಕೊಂಡರು. "ಅದಕ್ಕೇ ಅಲ್ವಾ ಸೋಡಾ ಕುಡಿಯೋದು? ಮಾತ್ರೇಲಿರೋದೂ ಅದೇ ತಾನೆ?"

"ಅದೇ. ಆದರೆ ಎಷ್ಟು?" ನರ್ಸ್ ಕಪಾಟಿನ ಕಡೆ ನೋಡಿದರು. ಸೋಡಾ ಡಬ್ಬದ ಪಕ್ಕ ಒಂದು ಪುಟ್ಟ ತಕ್ಕಡಿ ಇತ್ತು. "ಇವತ್ತಿನ ಬಿಸ್ಕತ್ತಿಗೆ ಸೋಡಾ ನಾನು ಹಾಕ್ಲಾ ಅಣ್ಣ? ಕಣ್ಣಂದಾಜಲ್ಲಿ ಒಂದು ಚಮಚ?"

ಬನ್ ಮಾವ ಥಟ್ಟನೆ ಡಬ್ಬಕ್ಕೆ ಕೈ ಅಡ್ಡವಿಟ್ಟರು. "ಬೇಡಮ್ಮ. ಹೆಚ್ಚಾದ್ರೆ ಸಾಬೂನು ತಿಂದ ಹಾಗೆ, ಕಡಿಮೆಯಾದ್ರೆ ಕಲ್ಲು. ಇವಳಿಗೂ ಮುಟ್ಟೋಕೆ ಬಿಡಲ್ಲ ನಾನು. ತೂಗೇ ಹಾಕ್ಬೇಕು."

"ಹಿಟ್ಟಿಗೆ ತಕ್ಕಡಿ. ಮೈಗೆ ಮಾತ್ರ ಕಣ್ಣಂದಾಜಾ?"

ಹೆಂಡತಿ ಮುಖ ಆ ಕಡೆ ತಿರುಗಿಸಿಕೊಂಡರು. ಬನ್ ಮಾವ ಡಬ್ಬದಿಂದ ಕೈ ತೆಗೆಯಲಿಲ್ಲ.

"ನೀವು ಕುಡಿಯೋ ಒಂದು ಚಮಚದಲ್ಲಿ ಎಷ್ಟೋ ಮಾತ್ರೆಗಳಷ್ಟು ಸೋಡಾ ಇರುತ್ತೆ," ಎಂದರು ನರ್ಸ್. "ಅದರಲ್ಲಿರೋ ಸೋಡಿಯಂ ಮೈಯಲ್ಲಿ ನೀರು ನಿಲ್ಲಿಸುತ್ತೆ. ಕಾಲು ಊದುತ್ತೆ, ಬಿಪಿ ಏರುತ್ತೆ. ಕುಡಿಯದ ದಿನ ಆಮ್ಲ ಏರುತ್ತೆ. ಹೆಚ್ಚೂ ಬೇಡ, ಕಡಿಮೇನೂ ಬೇಡ. ಎಷ್ಟು ಬೇಕು ಅಂತ ರಕ್ತ ಪರೀಕ್ಷೆಯೇ ಹೇಳ್ಬೇಕು. ಉಸಿರು ಹೀಗಿರೋವಾಗ ನಾಳೆಗೆ ಅಂತ ಇಡಬಾರದು. ಈಗಲೇ ಹೊರಡಿ, ನಾನೂ ಬರ್ತೀನಿ."

"ಕಲಸಿದ ಹಿಟ್ಟು? ಸಂಜೆಗೆ ಹುಳಿ ಬಂದಿರುತ್ತೆ."

"ಬರಲಿ ಬಿಡ್ರೀ," ಎಂದರು ಹೆಂಡತಿ, ಗಂಡನ ಒಗೆದ ಅಂಗಿ ಹಿಡಿದು ನಿಂತು. "ಹಿಟ್ಟಾದ್ರೆ ಬಿಸಾಕಿ ಬೇರೆ ಕಲಸಬಹುದು."

ಬನ್ ಮಾವ ಎದ್ದು ಕೈ ತೊಳೆದುಕೊಂಡರು.

ಪರೀಕ್ಷೆಯಲ್ಲಿ ರಕ್ತದ ಆಮ್ಲ ಏರಿದ್ದು ಕಂಡಿತು. ಮೈಯಲ್ಲಿ ನೀರೂ ನಿಂತಿತ್ತು. ಕೆಲವು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡು, ಮಾತ್ರೆಯ ಅಳತೆ ಗೊತ್ತುಮಾಡಿ, ಊಟದಲ್ಲಿ ಉಪ್ಪು ಕಡಿಮೆ ಮಾಡಿಸಿ ಕಳಿಸಿದರು. ಕಿಡ್ನಿ ಹೊಸದಾಗಲಿಲ್ಲ. ಆದರೆ ಉಸಿರು ಹದಕ್ಕೆ ಬಂತು, ಚಪ್ಪಲಿಯೊಳಗೆ ಕಾಲು ಹೋಯಿತು. ಬ್ರೆಡ್ಡಿನ ವಾಸನೆ ಮತ್ತೆ ಹೊತ್ತಿಗೆ ಸರಿಯಾಗಿ ಬೀದಿಗೆ ಬರುತ್ತಿದೆ. ಮಾತ್ರೆಯ ಸ್ಟ್ರಿಪ್ಪನ್ನು ಹೆಂಡತಿ ತಕ್ಕಡಿಯ ತಟ್ಟೆಯಲ್ಲೇ ಇಡುತ್ತಾರೆ. ಸೋಡಾ ತೂಗಬೇಕಾದರೆ ಮೊದಲು ಅದನ್ನು ಎತ್ತಬೇಕು. ಎತ್ತಿದ ಮೇಲೆ ಮಾತ್ರೆ ನುಂಗದೆ ಇಡುವ ಹಾಗಿಲ್ಲ.

ಕಿಡ್ನಿ ತೊಂದರೆ ಇರುವವರು ನಿಮ್ಮ ಮನೆಯಲ್ಲೂ ಇದ್ದರೆ, ವೈದ್ಯರನ್ನು ಕೇಳದೆ ಅವರ ಮಾತ್ರೆ ನಿಲ್ಲಿಸಬೇಡಿ, ಡಬ್ಬದ ಸೋಡಾ ಕುಡಿಸಬೇಡಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು, ಊಟ ಸೇರುತ್ತಿಲ್ಲ ಎಂದು ತಾವಾಗಿಯೇ ಅದನ್ನು ಬಿಟ್ಟರೂ ರಕ್ತದ ಆಮ್ಲ ಏರಬಹುದು. ಬಿಡದ ವಾಂತಿ, ಹೆಚ್ಚಾದ ಭೇದಿ, ಮಂಕು, ಕೂತಲ್ಲೇ ಜೋರಾದ ಉಸಿರು ಕಂಡರೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇವತ್ತು ಮನೆಯ ಹಿರಿಯರ ಪಕ್ಕ ಸ್ವಲ್ಪ ಹೊತ್ತು ಸುಮ್ಮನೆ ಕುಳಿತು ನೋಡಿ. ಅವರ ಉಸಿರು ಓಡುತ್ತಿದ್ದರೆ, ಸ್ಟೂಲು ಸರಿಸಿ ಕೊಡಿ. ಅಷ್ಟಕ್ಕೇ ನಿಲ್ಲಿಸಬೇಡಿ, ಆಸ್ಪತ್ರೆಗೆ ಹೊರಡಲು ಒಗೆದ ಅಂಗಿಯನ್ನೂ ತನ್ನಿ.